ಮಾತು ಮುಗಿಯುವ ಮೊದಲೇ ಹ್ಞೂಂ

ಸೆಂದಾಯಿ, ಜಪಾನ್
18 ಜೂನ್ 1983

ಶ್ರೀಮತಿ ಯಮನೂರಮ್ಮನವರಿಗೆ,

ನಾನು ಇಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಹೊಟ್ಟೆಯೊಂದು ಮಾತ್ರ ದಿನಾ ಬೆಳಗ್ಗೆ ಎದ್ದು ರೊಟ್ಟಿ ಕೇಳುತ್ತದೆ. ಅಲ್ಲಿ ನೀವು, ಅವ್ವ, ಅಣ್ಣ ಗಾದಿಲಿಂಗಪ್ಪ, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ.

ಮದುವೆಯ ಅರಿಶಿನ ಇಳಿಯುವ ಮೊದಲೇ ನಾನು ವಿಮಾನ ಹತ್ತಿದೆ. ಅಷ್ಟರಲ್ಲಿ ನಾವಿಬ್ಬರೂ ಏನು ಮಾತಾಡಿದೆವು ಎಂದು ನೆನಪಿಸಿಕೊಂಡರೆ ನಗು ಬರುತ್ತದೆ. ಮನೆ ತುಂಬ ನೆಂಟರು. "ಚಾ ಕುಡೀತೀರೇನ್ರಿ?" ಎಂದು ನೀವು ಕೇಳಿದಿರಿ, ನಾನು ತಲೆಯಾಡಿಸಿದೆ. ಧಾರವಾಡದಲ್ಲಿ ಭಾಷಾಶಾಸ್ತ್ರ ಓದಿದವನು ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಇಷ್ಟು ದೂರ ಯಾಕೆ ಬಂದ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಜಪಾನಿನವರ ಮಾತು ಕಿವಿಗೆ ಬೇರೆ, ಕಟ್ಟೋಣ ಮಾತ್ರ ನಮ್ಮದೇ. ಯಾರು, ಯಾರನ್ನು, ಎಲ್ಲಿ ಎಂದೆಲ್ಲ ಮೊದಲು ಹೇಳಿ, ಏನು ಮಾಡಿದರು ಎನ್ನುವುದನ್ನು ಕಟ್ಟಕಡೆಗೆ ಹೇಳುತ್ತಾರೆ. ಹೀಗಾಗಿ ಕೆಲವು ವಾಕ್ಯಗಳು ಅರ್ಧ ದಾರಿಯವರೆಗೆ ಒಂದು ಕಡೆ ಮುಖ ಮಾಡಿ, ಆಮೇಲೆ ಇನ್ನೊಂದು ಕಡೆ ಹೊರಳಿಬಿಡುತ್ತವೆ. ನಮ್ಮಲ್ಲೂ ಇಂಥವು ಉಂಟು. 'ಮುತ್ಯಾ ಮೊಮ್ಮಗನನ್ನು ಹೊಡೆದ ಮೇಷ್ಟರನ್ನು ಹುಡುಕಿದ' ಎನ್ನಿ. ಮೊದಲ ಮೂರು ಪದ ಕೇಳಿದಾಗ ಹೊಡೆದವನು ಮುತ್ಯಾ ಎನ್ನಿಸುತ್ತದೆ. ಮೇಷ್ಟರು ಬಂದ ಕೂಡಲೇ ಅಲ್ಲವೇ ಅಲ್ಲ, ಹೊಡೆದವರು ಅವರು, ಮುತ್ಯಾ ಜಗಳಕ್ಕೆ ಹೊರಟವನು ಎಂದು ತಿಳಿಯುತ್ತದೆ. ಈ ನಡುವೆ ನಮ್ಮ ತಲೆಯೊಳಗೆ ಏನು ನಡೆಯುತ್ತದೆ? ಮಿದುಳು ಮಾತು ಮುಗಿಯಲೆಂದು ಕಾಯುತ್ತದೆಯೋ, ಇಲ್ಲಾ ಆತುರಪಟ್ಟು ಅರ್ಥ ಕಟ್ಟಿ, ತಪ್ಪಾದಾಗ ಕೆಡವಿ ಮತ್ತೆ ಕಟ್ಟುತ್ತದೆಯೋ? ಇದೇ ನನ್ನ ಕೆಲಸ. ಕೇಳುವವರ ತಲೆಗೆ ವೈರುಗಳಿರುವ ಟೊಪ್ಪಿಗೆ ತೊಡಿಸಿ, ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳುತ್ತೇವೆ.

ಮಿದುಳು ಕಾಯುತ್ತದೆ ಎಂದು ನಮ್ಮ ಪ್ರೊಫೆಸರ್ ಹಿರಾನೋ ಹೇಳುತ್ತಾರೆ. ಇಲ್ಲ, ಅದಕ್ಕೆ ಅಷ್ಟು ತಾಳ್ಮೆಯಿಲ್ಲ ಎಂದು ನಾನು. ಬರುವ ಮಾರ್ಚ್ ಒಳಗೆ ತೋರಿಸಿಕೊಟ್ಟರೆ ಇನ್ನೆರಡು ವರ್ಷ ಇಲ್ಲಿ ಇರಬಹುದು, ಇಲ್ಲವಾದರೆ ಊರಿಗೆ ವಾಪಸ್. ಜಪಾನಿಯ ಜೊತೆಗೆ ನನ್ನ ತಾಯ್ನುಡಿಯಲ್ಲೂ ಪರೀಕ್ಷೆ ಮಾಡಿಸು ಎಂದಿದ್ದಾರೆ. ನೀವು ಸಾಲಿ ಕಲಿಸುವವರು, ಜನರನ್ನು ಕೂಡಿಸಿ ಕೇಳುವುದು ನಿಮಗೆ ರೂಢಿ. ಸಹಾಯ ಮಾಡುವಿರಾ?

ಇಂತು,
ವಿರುಪಣ್ಣ

ಸಾಣಾಪುರ, ತಾ. ಗಂಗಾವತಿ, ಜಿ. ರಾಯಚೂರು
9 ಜುಲೈ 1983

ಸೆಂದಾಯಿಯ ಶ್ರೀಮಾನ್ ವಿರುಪಣ್ಣನವರ ಸನ್ನಿಧಿಗೆ,

'ಶ್ರೀಮತಿ ಯಮನೂರಮ್ಮನವರಿಗೆ' ಎಂದು ಓದಿ, ಶಿಕ್ಷಣಾಧಿಕಾರಿಗಳ ಮೆಮೋ ಇರಬೇಕೆಂದು ಲಕೋಟೆಯನ್ನು ತಿರುಗಿಸಿ ನೋಡಿದೆ. ಕಟ್ಟಿಕೊಂಡ ಹೆಂಡತಿಗೆ ಹೀಗೆ ಬರೆಯುವುದು ಜಪಾನಿನ ಪದ್ಧತಿಯೇ, ಧಾರವಾಡದ್ದೇ? ನನ್ನ ತವರು ಇಟಗಿಯಲ್ಲಂತೂ ಇಲ್ಲ.

ಕಾಗದವನ್ನು ಅಂಗಳದಲ್ಲಿ ಕೂತು ಅತ್ತೆಗೆ ಓದಿ ಹೇಳಿದೆ. ವೈರಿನ ಟೊಪ್ಪಿಗೆ ಬಂದಾಗ ಅವರು ಕೇರುತ್ತಿದ್ದ ಮೊರ ಕೆಳಗಿಟ್ಟರು. ಪಕ್ಕದಲ್ಲೇ ಕೂತು ಬರೆಸುತ್ತಿದ್ದಾರೆ: "ಏ ವಿರುಪಾ, ಮಂದಿ ತಲಿಗೆ ಬೇಕಾದ್ದು ಕಟ್ಟು. ನಿನ್ನ ತಲಿಗೆ ಮಾತ್ರ ಆ ವೈರು ಕಟ್ಟಿಸ್ಕೋಬ್ಯಾಡ. ಎಣ್ಣಿ ತಿಕ್ಕಿ ತಿಕ್ಕಿ ಬೆಳಿಸಿದ ತಲಿ ಐತಿ ಅದು."

ಈಗ ನನ್ನ ಮಾತು. ನಾನು ಮುಖ ನೋಡಿ ಮಾತಾಡುವವಳು, ಕಾಗದದಲ್ಲೂ ಹಾಗೇ. ನಿಮ್ಮ ಪರೀಕ್ಷೆ ಗೆದ್ದರೆ ನೀವು ಇನ್ನೆರಡು ವರ್ಷ ಬರುವುದಿಲ್ಲ. ಸೋತರೆ ಮಾರ್ಚಿಗೆ ಬರುತ್ತೀರಿ. ಹಾಗಾದರೆ ನಾನು ಯಾರ ಪಕ್ಷ ಎಂದು ನೀವೇ ತಿಳಿದುಕೊಳ್ಳಿ. ನನಗೆ ಹಿರಾನೋ ಪ್ರೊಫೆಸರ್ ಗೆಲ್ಲಬೇಕು. ಅವರ ಮನೆದೇವರಿಗೆ ಒಂದು ಕಾಯಿ ಒಡೆಸುವುದಿದ್ದರೆ ಹೇಳಿ.

ಆದರೆ ಕೆಲಸ ವಹಿಸಿದ್ದೀರಿ, ಕಳ್ಳತನ ಮಾಡದೆ ಮಾಡುತ್ತೇನೆ. ಬಗಲ ಮನೆಯ ಫಾತಿಮಾಬೀ ಅಕ್ಕನ ಗಂಡ ಸೌದಿಯಿಂದ ಟೇಪ್ ರೆಕಾರ್ಡರ್ ತಂದಿದ್ದಾನೆ. ಅಕ್ಕ ಅದಕ್ಕೊಂದು ಕಸೂತಿಯ ಮುಸುಕು ಹೊಲಿದು ಹಾಕಿದ್ದಾಳೆ, ನಾನು ಕೇಳಿದರೆ ಮುಸುಕು ತೆಗೆದು ಕೊಡುತ್ತಾಳೆ. ಏನು ಮಾಡಬೇಕು ಎಂದು ಬಿಡಿಸಿ ಬರೆಯಿರಿ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನಾಟಿ ಸುರುವಾಗಿದೆ, ಎಲ್ಲಿ ನೋಡಿದರೂ ನೀರು. ಸಾಲಿಯಲ್ಲಿ ಅರ್ಧ ಮಕ್ಕಳು ಗದ್ದೆಯಲ್ಲಿದ್ದಾರೆ.

ನಿಮ್ಮ ಮನೆಯ ಮೆಮೋ ಇಲಾಖೆ,
ಯಮನೂರಮ್ಮ

ಸೆಂದಾಯಿ
30 ಜುಲೈ 1983

ಯಮನೂ,

ಸರಿಯೇ? 'ಶ್ರೀಮತಿ' ಹೋಯಿತು, 'ಅವರಿಗೆ' ಹೋಯಿತು, ಹೆಸರಿನ ಐದಕ್ಷರದಲ್ಲಿ ಎರಡೂ ಹೋದವು. ಈ ಒಂದು ಪದ ಬರೆಯಲಿಕ್ಕೆ ಮೂರು ಕಾಗದ ಹರಿದೆ. ನಿನ್ನ ಪತ್ರವನ್ನು ಮಾತ್ರ ಪ್ರಯೋಗಶಾಲೆಯಲ್ಲಿ ಕೂತು ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಅದೇ ಹೊತ್ತಿಗೆ ಟೊಪ್ಪಿಗೆ ತೊಟ್ಟು ಕೂತಿದ್ದ ಹುಡುಗಿಯೊಬ್ಬಳ ಮಿದುಳಿನ ಅಲೆ ಕಾಗದದ ಮೇಲೆ ಹಾರಿಬಿದ್ದಿತು. ಹಿರಾನೋ ಅವರು ಆ ಕಡೆ ಬಂದು ನೋಡಿ, ಈ ದೊಡ್ಡ ಅಲೆ ಯಾವ ವಾಕ್ಯಕ್ಕೆ ಬಂತು ಎಂದು ಕೇಳಿದರು. ನನ್ನ ಹೆಂಡತಿಯ ವಾಕ್ಯಕ್ಕೆ ಎಂದೆ. ನೀನು ಅವರ ಪಕ್ಷ ಎಂದೂ ಹೇಳಿದೆ. ಅವರಿಗೆ ಬಹಳ ಸಂತೋಷವಾಗಿ ನಿನಗೆ ನಮಸ್ಕಾರ ಹೇಳಿದ್ದಾರೆ.

ಕೆಲಸ ಇಷ್ಟೇ. ಇದರ ಜೊತೆ ಇಟ್ಟಿರುವ ಹಾಳೆಯ ವಾಕ್ಯಗಳನ್ನು ನಿನ್ನ ಧ್ವನಿಯಲ್ಲಿ ಟೇಪಿಗೆ ಓದು. ಒಬ್ಬೊಬ್ಬರನ್ನೇ ಕೂಡಿಸಿ ಕೇಳಿಸು. ಅವರ ಕೈಗೊಂದು ಗಂಟೆ ಕೊಡು. 'ಹೊಡೆದವನು ಯಾರು' ಎಂದು ತಿಳಿದ ತಕ್ಷಣ, ಮಾತು ಮುಗಿಯಲಿ ಬಿಡಲಿ, ಗಂಟೆ ಬಾರಿಸಬೇಕು. ವಾಕ್ಯದ ನಡುವೆ ಗಂಟೆಯಾದರೆ ನಾನು ಗೆದ್ದೆ. ಎಲ್ಲ ಮುಗಿದ ಮೇಲಾದರೆ ಪ್ರೊಫೆಸರ್ ಗೆದ್ದರು. ಇಲ್ಲಿ ಗಂಟೆಯ ಬದಲು ಗುಂಡಿ ಒತ್ತಿಸುತ್ತೇವೆ. ಆದರೆ ಇಲ್ಲಿನವರು ಎಷ್ಟು ಜಾಗರೂಕರೆಂದರೆ, ಪರೀಕ್ಷೆಗೆ ಕೂತವರ ಹಾಗೆ ಉಸಿರು ಬಿಗಿಹಿಡಿದು, ಕೊನೆಯ ಪದವೂ ಬಿದ್ದ ಮೇಲೆ ಒತ್ತುತ್ತಾರೆ. ಅಲೆಗಳೂ ಗಾಬರಿಯದ್ದೋ ಅರ್ಥದ್ದೋ ತಿಳಿಯದು. ನಮ್ಮೂರಿನವರು ಹೀಗಲ್ಲ ಎಂಬ ಧೈರ್ಯ ನನಗೆ.

ಇಟಗಿಯ ಗುಡಿಯನ್ನು ನಾನು ಇನ್ನೂ ಸರಿಯಾಗಿ ನೋಡಿಲ್ಲ. ಮದುವೆಯ ದಿನ ಬಾಸಿಂಗ ಕಣ್ಣಿಗೆ ಅಡ್ಡ ಬಂದಿತ್ತು. ಬಂದಾಗ ನೀನೇ ತೋರಿಸಬೇಕು.

ನಿನ್ನ,
ವಿರುಪಣ್ಣ

ಸಾಣಾಪುರ
11 ಸೆಪ್ಟೆಂಬರ್ 1983

ನನ್ನ ಮಾತಿಗೆ ಮಿದುಳಿನ ಅಲೆ ಎಬ್ಬಿಸುವವರಿಗೆ,

ಪರೀಕ್ಷೆಯಾಯಿತು. ನೀವು ಇಲ್ಲಿದ್ದಿದ್ದರೆ ಅತ್ತೆ ನಿಮ್ಮ ಕಿವಿ ಹಿಂಡುತ್ತಿದ್ದರು.

ಗಂಟೆಗೆ ಊರೆಲ್ಲ ಹುಡುಕಿದೆ. ಸಾಲಿಯ ಗಂಟೆ ಹೆಡ್ ಮಾಸ್ತರ ಓಬಳೆಪ್ಪನವರು ಕೊಡಲಿಲ್ಲ, ಗುಡಿಯದು ಕೇಳುವಂತಿಲ್ಲ. ಕಡೆಗೆ ಸೈಕಲ್ ಅಂಗಡಿಯ ಮದಾರಸಾಬ ಒಂದು ಹಲಗೆಗೆ ಸೈಕಲ್ ಗಂಟೆ ಜೋಡಿಸಿ ಕೊಟ್ಟ. ಭಾನುವಾರ ಅಂಗಳದಲ್ಲಿ ಚಾಪೆ ಹಾಸಿ ಕೂಡಿಸಿದೆ.

ಮೊದಲು ನಮ್ಮ ಓಣಿಯ ಹೊಳಿಯಮ್ಮ. ಟೇಪು ಹಾಕಿದೆ. ಮಾತು ಮುಗಿಯಿತು. ಆಮೇಲೂ ಸ್ವಲ್ಪ ಕಾದು, ಟೇಪಿನ ಕಡೆ ನೋಡಿ, ನನ್ನ ಕಡೆ ನೋಡಿ, "ಮುಗೀತೇನವಾ? ಹೊಡೀಲೇನು?" ಎಂದು ಕೇಳಿ ಗಂಟೆ ಒತ್ತಿದಳು. ಆಮೇಲೆ ಹಿಂದಿನ ಮನೆಯ ಮುದಕಮ್ಮ. ಆಕೆ ಗಂಟೆಯನ್ನು ಕಣ್ಣಿಗೊತ್ತಿಕೊಂಡೇ ಸುರು ಮಾಡಿದಳು. ನಿಮ್ಮ ಅಣ್ಣ ಪ್ರತಿ ವಾಕ್ಯ ಮುಗಿದ ಮೇಲೆ ಕೆಮ್ಮಿ, ಧೋತರ ಸರಿಮಾಡಿಕೊಂಡು, ನಿಧಾನಕ್ಕೆ ಬಾರಿಸಿದರು. ಮದಾರಸಾಬನಂತೂ ಟೇಪು ಹಾಕುವ ಮೊದಲೇ ಟ್ರಿಣ್ ಟ್ರಿಣ್ ಎನ್ನಿಸಿ, "ಗಂಟಿ ಸರಿ ಐತಿಲ್ರಿ ಟೀಚರ, ಅದನ್ನ ನೋಡಿದ್ನಿ" ಎಂದ. ಹಾಳೆಯ ತುಂಬ ಒಂದೇ ಉತ್ತರ, ಎಲ್ಲರೂ ಮಾತು ಮುಗಿದ ಮೇಲೆಯೇ.

ತಿಳಿದ ಕೂಡಲೇ ಯಾಕೆ ಬಾರಿಸಲಿಲ್ಲ ಎಂದು ಹೊಳಿಯಮ್ಮನನ್ನು ಕೇಳಿದೆ. "ನೀ ಮಾತಾಡೂ ಮುಂದ ನಡುವ ಗಂಟಿ ಬಾರಿಸಿದ್ರ ನಿನಗ ಬಾಯಿ ಮುಚ್ಚು ಅಂದಂಗ ಆಗಂಗಿಲ್ಲೇನು? ಸೊಸಿ ಆದ್ರೂ ಟೀಚರ ಅದಿಯವ್ವಾ" ಎಂದಳು. ಮರ್ಯಾದೆಯೇ ನಿಮ್ಮ ಪರೀಕ್ಷೆಯನ್ನು ತಿಂದಿತು.

ಫಾತಿಮಾಬೀ ಅಕ್ಕನಿಗೆ ಬೇರೆಯದೇ ಚಿಂತೆ: "ಆ ಮಾಸ್ತರ ಹುಡುಗನ್ನ ಯಾಕ ಹೊಡದ? ಅದನ್ನ ಹೇಳಲಿಲ್ಲ ನೋಡು." ಅತ್ತೆಯೂ ಗೊಣಗಿದರು: "ಹಿಂದಿಲ್ಲ, ಮುಂದಿಲ್ಲ. ಇಂಥಾ ಮಾತು ಕೇಳಾಕ ಮಗ ಜಪಾನಕ್ಕ ಹೋಗ್ಯಾನ."

ಹಾಳೆ ಇದರ ಜೊತೆ ಇದೆ. ಒಂದು ಗೆರೆಯನ್ನೂ ತಿದ್ದಿಲ್ಲ. ಪ್ರೊಫೆಸರಿಗೆ ನನ್ನ ಅಭಿನಂದನೆ ತಿಳಿಸಿ.

ಗೆದ್ದ ಪಕ್ಷದ,
ಯಮನೂ

ಸೆಂದಾಯಿ
2 ಅಕ್ಟೋಬರ್ 1983

ಯಮನೂ,

ಹಾಳೆ ತಲುಪಿತು. ಹಿರಾನೋ ಅವರು ನೋಡಿ, "ನಿಮ್ಮವರೂ ಕಾಯುತ್ತಾರೆ" ಎಂದರು. ಆ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ಬಿಸಿ ಶಾವಿಗೆಯ ಸಾರು ಕುಡಿಸಿದರು. ಒಳ್ಳೆಯ ಮನುಷ್ಯ.

ಮಾರ್ಚ್ ಕೊನೆಗೆ ಬರುತ್ತೇನೆ. ಗಂಗಾವತಿಯ ಕಾಲೇಜಿನಲ್ಲಿ ಏನಾದರೂ ಕೆಲಸ ಸಿಗಬಹುದು. ಇಲ್ಲಿ ಎಲೆಗಳು ಕೆಂಪಾಗಿವೆ. ಅವ್ವನಿಗೆ ನಮಸ್ಕಾರ.

ವಿರುಪಣ್ಣ

ಸಾಣಾಪುರ
6 ನವೆಂಬರ್ 1983

ವಿರುಪಣ್ಣನವರಿಗೆ,

ನೀವು ಬರುತ್ತೀರೆಂದು ಓದಿ ಕುಣಿದೆ. ಸುಳ್ಳಲ್ಲ, ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಣಿದೆ. ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದೆ. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿದೆ. ಎಷ್ಟು ಗಿಡ್ಡ ಕಾಗದ! ಒಂದು ಚೇಷ್ಟೆಯಿಲ್ಲ, ಎಲೆ ಕೆಂಪಾಗಿದ್ದನ್ನು ಬರೆದು ಕೈತೊಳೆದುಕೊಂಡಿದ್ದೀರಿ. ನನ್ನ ಪಾಲಿನ ಹೋಳಿಗೆ ಹಾಗೇ ಉಳಿಯಿತು.

ದಸರೆ ಮುಗಿದ ಮೇಲೆ ಕೌದಿ ಹೊಲಿಯಲು ಕೂತೆವು. ಹಳೆ ಸೀರೆ, ಹಳೆ ಧೋತರ ಪದರ ಪದರ ಹಾಸಿ, ಸುತ್ತ ಐದಾರು ಮಂದಿ ಕೂತು ಮಧ್ಯಾಹ್ನವೆಲ್ಲ ಹೊಲಿಯುತ್ತಾರಲ್ಲ, ಅದೇ. ಅತ್ತೆ ಕಥೆ ಹೇಳುತ್ತಾರೆ. ಅವರ ಧ್ವನಿ ಹಿಡಿದಿಡಬೇಕೆಂದು ಫಾತಿಮಾಬೀ ಅಕ್ಕ ಟೇಪು ತಂದು ನಡುವೆ ಇಟ್ಟಳು. ಅತ್ತೆಗೆ ನಿಮ್ಮ ಆ ವಾಕ್ಯದ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದಕ್ಕೇ ಹಿಂದು ಮುಂದು ಸೇರಿಸಿ ಕಥೆಯನ್ನೇ ಕಟ್ಟಿಬಿಟ್ಟರು. ಹೇಮಗುಡ್ಡದ ಕಡೆಯ ಒಬ್ಬ ಮುತ್ಯಾ, ಅವನಿಗೊಬ್ಬ ತಂಟೆಕೋರ ಮೊಮ್ಮಗ, ಸಾಲಿಯಲ್ಲೊಬ್ಬ ಮುಂಗೋಪಿ ಮಾಸ್ತರ.

ಕಥೆ ಹೇಳುವಾಗ ಕೇಳುವವರು ಹ್ಞೂಂಗುಟ್ಟಬೇಕೆಂದು ನಿಮಗೆ ಗೊತ್ತೇ ಇದೆ. ಇಲ್ಲವಾದರೆ ಅತ್ತೆ ನಿಲ್ಲಿಸಿ, "ಗ್ವಾಡಿಗೆ ಹೇಳಾಕತ್ತೀನೇನು?" ಎಂದು ಬೈಯುತ್ತಾರೆ. ಸಂಜೆ ಟೇಪನ್ನು ತಿರುಗಿಸಿ ಕೇಳುತ್ತಿದ್ದೆವು. ಅತ್ತೆ ಹೇಳುತ್ತಾರೆ: "ಮುತ್ಯಾ ಮೊಮ್ಮಗನ್ನ ಹೊಡದ..." ಅಷ್ಟರಲ್ಲಿ ಎಲ್ಲರೂ "ಹ್ಞೂಂ!" ಅತ್ತೆ ಅಲ್ಲಿ ಉಸಿರೂ ನಿಲ್ಲಿಸಿಲ್ಲ, ಹೇಳುತ್ತಲೇ ಇದ್ದಾರೆ: "...ಮಾಸ್ತರನ್ನ ಹುಡುಕಿದ." ಈಗ ಯಾರದೂ ಹ್ಞೂಂ ಇಲ್ಲ. ಸೂಜಿಗಳೂ ನಿಂತಂತೆ. ಆಮೇಲೆ ಮುದಕಮ್ಮನ ಧ್ವನಿ: "ಅಯ್ಯ, ಹೊಡದಾಂವ ಮುತ್ಯಾ ಅಲ್ಲೇನು?" ಎಲ್ಲರೂ ಬಿದ್ದು ಬಿದ್ದು ನಗು.

ನಾನು ನಗಲಿಲ್ಲ. ಎದ್ದು ನಿಂತುಬಿಟ್ಟೆ. ಗಂಟೆ ಕೊಟ್ಟಾಗ ಕೈಕಟ್ಟಿ ಕಾದ ಇದೇ ಹೆಂಗಸರು ಇಲ್ಲಿ ಅರ್ಧ ಮಾತಿಗೇ ಹ್ಞೂಂ ಎಂದುಬಿಟ್ಟಿದ್ದಾರೆ! ಗಂಟೆ ಬಾರಿಸುವುದು ಅಡ್ಡ ಮಾತು, ಹ್ಞೂಂ ಎನ್ನುವುದು ಮರ್ಯಾದೆ. ಮರುದಿನ ನಿಮ್ಮ ಹಾಳೆಯ ಉಳಿದ ವಾಕ್ಯಗಳನ್ನೂ ಅತ್ತೆಯ ಕಥೆಗಳಲ್ಲಿ ಸೇರಿಸಿದೆ. ಗೌಡ ತಳವಾರನನ್ನು ಬೈದ ಕುಂಬಾರನನ್ನು ಕರೆಸಿದ, ಇಂಥವು. ಮತ್ತೆ ಹಾಗೆಯೇ, ಹ್ಞೂಂ ಮುಂಚೆ, ತಬ್ಬಿಬ್ಬು ಆಮೇಲೆ. ಕೌದಿ ಮುಗಿಯುವವರೆಗೂ ಹಾಗೆಯೇ.

ಅಂದರೆ ನೀವು ಹೇಳಿದ್ದೇ ಸರಿ. ಮಿದುಳಿಗೆ ತಾಳ್ಮೆಯಿಲ್ಲ.

ಟೇಪು ನನ್ನ ಟ್ರಂಕಿನಲ್ಲಿದೆ. ಕಳಿಸಿದರೆ ನೀವು ಅಲ್ಲಿ, ಕಳಿಸದಿದ್ದರೆ ನೀವು ಇಲ್ಲಿ. ಮುಚ್ಚಿಡುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಕಳಿಸುವ ಕೈ ಮಾತ್ರ ಏಳುತ್ತಿಲ್ಲ. ಕಳಿಸಲೋ ಬೇಡವೋ, ನೀವೇ ಹೇಳಿ.

ಯಮನೂ

ಸಾಣಾಪುರ
18 ನವೆಂಬರ್ 1983

ವಿರುಪಣ್ಣನವರಿಗೆ,

ನಿಮ್ಮ ಉತ್ತರ ಬರುವ ಮೊದಲೇ ಟೇಪು ಕಳಿಸಿಬಿಟ್ಟೆ. ಸಿಟ್ಟಾಗಬೇಡಿ, ಅಥವಾ ಆಗಿ.

ಊಟ ಸೇರುತ್ತಿಲ್ಲವೆಂದು ಅತ್ತೆ ನನ್ನನ್ನು ಹಿಡಿದು ಕೂಡಿಸಿ ಕೇಳಿದರು. ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಇಲ್ಲ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ಕಳಸು" ಎಂದರು. ನಿಮಗೆ ಮಗ ಬರುವುದು ಬೇಡವೇ ಎಂದೆ. "ಬರಲಿ. ಆದ್ರ ಅರ್ಧಕ್ಕ ಬಿಟ್ಟು ಬಂದ್ರ ಕಟ್ಟಿ ಮ್ಯಾಲ ಕುಂತು ಹಾದಿ ನೋಡಕೋತ ಇರತಾನ. ಅಂಥಾ ಗಂಡನ್ನ ಮುಂದಿಟ್ಕೊಂಡು ಏನ್ ಮಾಡ್ತಿ ನೀ? ನನ್ನ ಮಗನ್ನ ನಾ ಬಲ್ಲೆ. ಪೂರಾ ಆಗಿ ಬರಲಿ" ಎಂದರು.

ಮರುದಿನ ಬಸ್ಸು ಹತ್ತಿ ಗಂಗಾವತಿಯ ಪೋಸ್ಟಿಗೆ ಹೋದೆ. ಪರದೇಶದ ಪಾರ್ಸೆಲಿಗೆ ಒಳಗೇನಿದೆ ಎಂದು ಬರೆಯಬೇಕಂತೆ. ಗುಮಾಸ್ತ ಕೇಳಿದ, ನಾನು "ಹೆಣ್ಮಕ್ಕಳ ಹ್ಞೂಂ" ಎಂದೆ. ಆತ ಕನ್ನಡಕ ಮೇಲೇರಿಸಿ ನೋಡಿ, "ಧ್ವನಿಸುರುಳಿ, ಒಂದು" ಎಂದು ಬರೆದುಕೊಂಡ.

ಎರಡು ವರ್ಷ ದೊಡ್ಡದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನನ್ನ ಮಾತನ್ನು ನಾನೇ ನಂಬುತ್ತಿಲ್ಲ.

ಯಮನೂ

ಸೆಂದಾಯಿ
23 ನವೆಂಬರ್ 1983

ಯಮನೂ,

ನಿನ್ನ ಆರನೇ ತಾರೀಖಿನ ಕಾಗದ ಇಂದು ಬಂತು. ಬಸ್ ನಿಲ್ದಾಣದಲ್ಲಿ ನಿಂತು ಓದಿದೆ, ಹತ್ತಬೇಕಾದ ಬಸ್ಸುಗಳನ್ನೆಲ್ಲ ಹೋಗಗೊಟ್ಟೆ.

ಟೇಪು ಕಳಿಸಬೇಡ. ಟ್ರಂಕಿನಲ್ಲೇ ಇರಲಿ.

ನಾನು ಸರಿ ಎಂದು ತಿಳಿಯಿತು, ನನಗೆ ಅಷ್ಟು ಸಾಕು. ಬೇರೆಯವರಿಗೆ ತೋರಿಸದಿದ್ದರೆ ಸತ್ಯವೇನೂ ಕಳೆದುಹೋಗುವುದಿಲ್ಲ. ನಾನು ಇಲ್ಲಿ ಕೂತು ಅಪರಿಚಿತರ ತಲೆಯೊಳಗೆ ಏನಿದೆ ಎಂದು ನೋಡುತ್ತಿದ್ದೇನೆ, ಅಲ್ಲಿ ನನ್ನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಣಿಯುತ್ತಾಳೆ. ಅದನ್ನು ನೋಡದೆ ಇನ್ನೆರಡು ವರ್ಷ ಕಳೆಯಲಾರೆ. ಮದುವೆಯಲ್ಲಿ ನಿನ್ನನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಈ ಕಾಗದಗಳಿಂದಲೇ ನಿನ್ನನ್ನು ಕಂಡೆ, ಈಗ ನೋಡದೆ ಇರಲಾರೆ. ಇದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತಿದೆ, ಆದರೂ ಈ ಸಲ ಕಾಗದ ಹರಿಯುವುದಿಲ್ಲ.

ಮಾರ್ಚಿಗೆ ಬರುತ್ತೇನೆ, ಸಂತೋಷದಿಂದ ಬರುತ್ತೇನೆ.

ನಿನ್ನವನೇ ಆದ,
ವಿರುಪಣ್ಣ

ಸೆಂದಾಯಿ
26 ಡಿಸೆಂಬರ್ 1983

ನನ್ನ ಮಾತು ಕೇಳದ ಯಮನೂಗೆ,

ಟೇಪು ಬಂತು! ನಾನು ಬೇಡವೆಂದು ಬರೆಯುವ ಹೊತ್ತಿಗೆ ಅದು ಸಮುದ್ರ ದಾಟುತ್ತಿತ್ತು.

ಮೊದಲು ಬಚ್ಚಿಡೋಣ ಎಂದುಕೊಂಡೆ. ಅವ್ವ ಹೇಳಿದ ಮಾತು ನಿನ್ನ ಕಾಗದದಲ್ಲಿ ಓದಿದ ಮೇಲೆ ಆಗಲಿಲ್ಲ. ಹಿರಾನೋ ಅವರನ್ನು ಕೂಡಿಸಿ ಕೇಳಿಸಿದೆ. ಅವರಿಗೆ ಕನ್ನಡದ ಒಂದು ಅಕ್ಷರ ತಿಳಿಯದು. ಮುದಕಮ್ಮನ "ಅಯ್ಯ" ಮಾತ್ರ ಪೂರ್ತಿ ತಿಳಿಯಿತು. ಆ ತಬ್ಬಿಬ್ಬಿನ ಜಾಗ ಬಂದಾಗಲೆಲ್ಲ ಮೇಜು ಕುಟ್ಟಿ ನಗುತ್ತಾ, "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುತ್ತಿದ್ದರು.

ಆಮೇಲೆ ನನಗೆ ಹೊಳೆಯಿತು. ಇಲ್ಲಿನವರೂ ಮಾತು ಕೇಳುವಾಗ ತಲೆಯಾಡಿಸಿ "ಉಂ, ಉಂ" ಎನ್ನುತ್ತಲೇ ಇರುತ್ತಾರೆ. ಹಾಗೆ ಅನ್ನದಿದ್ದರೆ ಹೇಳುವವರಿಗೆ ಬೇಸರ. ಬಂದಾಗಿನಿಂದ ಕೇಳುತ್ತಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಗುಂಡಿಗಳನ್ನೆಲ್ಲ ಕಿತ್ತೆವು. ಊಟದ ಮನೆಯಲ್ಲಿ ಕೆಲಸ ಮಾಡುವ ಕಿಮುರಾ ಎಂಬ ಅಜ್ಜಿಯನ್ನು ಕರೆತಂದು, ವಾಕ್ಯಗಳನ್ನು ಕಥೆಯೊಳಗೆ ಇಟ್ಟು ಹೇಳಿಸಿದೆವು. ಟೊಪ್ಪಿಗೆ ತೊಟ್ಟ ಹುಡುಗರು ಗಾಬರಿ ಮರೆತು "ಉಂ" ಎಂದರು. ಅರ್ಧ ಮಾತಿಗೇ ಎಂದರು! ಮಾತು ಹೊರಳಿದ ಕೂಡಲೇ ಬಾಯಿ ಕಟ್ಟಿತು, ಅದೇ ಗಳಿಗೆಯಲ್ಲಿ ಕಾಗದದ ಮೇಲೆ ಅಲೆ ಎದ್ದಿತು, ಚೊಕ್ಕವಾಗಿ, ಒಬ್ಬರಾದ ಮೇಲೆ ಒಬ್ಬರಿಗೆ. ಮಿದುಳು ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುವುದನ್ನು ಕಣ್ಣಾರೆ ಕಂಡೆ.

ಹಿರಾನೋ ಅವರು ಎದ್ದು ನಿಂತು ನನಗೆ ತಲೆಬಾಗಿ, "ನಾನು ತಪ್ಪು" ಎಂದರು. ಅಷ್ಟು ಖುಷಿಯಿಂದ ಸೋತವರನ್ನು ನಾನು ಕಂಡಿಲ್ಲ. ಲೇಖನದಲ್ಲಿ ನಿನ್ನ ಹೆಸರನ್ನು ನನ್ನ ಹೆಸರಿನ ಜೊತೆಗೇ ಹಾಕಬೇಕೆಂದು ಅವರ ಆಜ್ಞೆ. ಎರಡು ವರ್ಷವೂ ಸಿಕ್ಕಿತು.

ಈಗ ಕೇಳು. ಮೊದಲೇ ಕೇಳಬೇಕಿತ್ತು. ನಿನಗೆ ಹೊಸದಾಗಿ ಸಿಕ್ಕ ಸರ್ಕಾರಿ ನೌಕರಿ, ಅವ್ವ, ಊರು, ಇದನ್ನೆಲ್ಲ ಬಿಟ್ಟು ಬಾ ಎನ್ನಲು ನಾನು ಯಾರು ಎಂದು ಸುಮ್ಮನಿದ್ದೆ. ನೀನೂ ಸುಮ್ಮನಿದ್ದೆ. ಇಬ್ಬರೂ ಹೀಗೆ ಮರ್ಯಾದೆ ಮಾಡುತ್ತಾ ಕೂತರೆ ಆಗುವುದಿಲ್ಲ. ಸಂಸಾರವಂದಿಗರಿಗೆಂದು ಇಲ್ಲಿ ಚಿಕ್ಕ ಮನೆ ಕೊಡುತ್ತಾರೆ. ಚಳಿ ಬಹಳ, ರೊಟ್ಟಿ ಇಲ್ಲ, ಮಾತು ತಿಳಿಯದು. ಆದರೂ ಬಾ.

ನಿನ್ನ ವಿರುಪಣ್ಣ

ಸಾಣಾಪುರ
17 ಜನವರಿ 1984

ಬರುತ್ತೇನೆ.

ಇಷ್ಟೇ ಬರೆದು ಅಂಚೆಗೆ ಹಾಕಬೇಕೆಂದಿದ್ದೆ, ಕಾಗದ ಬಹಳ ಉಳಿದಿದೆ.

ಸಂಬಳವಿಲ್ಲದ ರಜೆಗೆ ಅರ್ಜಿ ಹಾಕಿದ್ದೇನೆ. ಓಬಳೆಪ್ಪನವರು ಓದಿ, "ಜಪಾನಕ್ಕ ಹೋಗಾಕ ರಜಾ ಕೇಳಿದವರನ್ನ ನಾ ಇದ ಮೊದಲು ನೋಡೂದು. ಎರಡ ಜಿಲ್ಲಾ ದಾಟಿ ವರ್ಗಾ ಕೇಳಿದ್ರ ಸಿಗಂಗಿಲ್ಲ" ಎಂದರು. ಎಂದವರೇ ಸಹಿ ಹಾಕಿ, ತಾವೇ ಕೈಯಾರೆ ಗಂಗಾವತಿಗೆ ಒಯ್ದು ಕೊಟ್ಟರು. ಮೇಲಿನವರು ಕೊಡುತ್ತಾರೋ ಬಿಡುತ್ತಾರೋ ತಿಳಿಯದು. ಕೊಡದಿದ್ದರೆ ರಾಜೀನಾಮೆ ಬರೆದಿಟ್ಟಿದ್ದೇನೆ. ಇದನ್ನು ನನ್ನ ಅಪ್ಪನಿಗೆ ಮಾತ್ರ ಬರೆಯಬೇಡಿ, ಇಟಗಿಯಲ್ಲಿ ದೊಡ್ಡ ಗದ್ದಲವಾಗುತ್ತದೆ.

ಪಾಸ್‌ಪೋರ್ಟಿಗೆಂದು ಪೊಲೀಸ್ ಪೇದೆ ಮನೆಗೆ ಬಂದಿದ್ದ. ಇವರ ಮೇಲೆ ಯಾವುದಾದರೂ ಕೇಸು ಇದೆಯೇ ಎಂದು ಕೇಳಿದ. ಅತ್ತೆ, "ಐತಲ್ಲ. ಎರಡ ತಿಂಗಳಿಂದ ಸರಿಯಾಗಿ ಉಂಡಿಲ್ಲ, ಅದನ್ನ ಬರಕೋ" ಎಂದು ಅವನನ್ನೇ ಊಟಕ್ಕೆ ಕೂಡಿಸಿದರು.

ಅತ್ತೆಯನ್ನು ಬಿಟ್ಟು ಬರುವುದಕ್ಕೆ ಸಂಕಟವಿದೆ. ಗಾದಿಲಿಂಗಪ್ಪ ಭಾವ, ಅಕ್ಕ, ಮಕ್ಕಳಿಂದ ಮನೆ ತುಂಬಿದೆ, ಅವರಿಗೇನೂ ಕೊರತೆಯಿಲ್ಲ. ಕೊರತೆಯಾಗುವುದು ನನಗೆ. ಜಡೆ ಹೆಣೆಯುವಾಗ ತಲೆ ಹಿಡಿದು ಬೈಯುವವರು ಅಲ್ಲಿ ಯಾರಿದ್ದಾರೆ? ಆದರೂ ನಿಮ್ಮ ಕಡೆಯ ಎರಡು ಪದವನ್ನು ದಿನಾ ಓದುತ್ತೇನೆ. ಓದಿ ಓದಿ ಮಡಿಕೆಯೇ ಹರಿದಿದೆ. ಅಷ್ಟು ಸಂತೋಷ ನನಗಾಗಿದೆ, ಹೇಳಿಬಿಟ್ಟೆ.

ನಿಮ್ಮ,
ಯಮನೂ

ಸಾಣಾಪುರ
3 ಜೂನ್ 1984

ವಿರುಪಾ,

ನಿಮ್ಮವ್ವ ಮಾರೆವ್ವ ಹೇಳೂದು, ಫಾತಿಮಾಬೀ ಬರಿಯೂದು. ನಿನ್ನ ಹೇಣ್ತಿ ಇಲ್ಲ, ಅದಕ್ಕ ಇವಳ ಕೈಲೆ ಬರಸಾಕತ್ತೀನಿ.

ರಜಾ ಬಂತು. ಬರತೈತೋ ಇಲ್ಲೋ ಅಂತ ಎಲ್ಲಾರೂ ಅಂಗಳದಾಗ ಕುಂತು ಕುಂತು ಸಾಕಾಗಿತ್ತು. ಕಾಗದ ಬಂದ ದಿನ ಓಬಳೆಪ್ಪ ಮಾಸ್ತರ ಸೈಕಲ್ ಮ್ಯಾಲ ದೂರದಿಂದನ ಕೈ ಬೀಸಕೋತ ಬಂದ, ಬಿದ್ದ, ಎದ್ದ, ಬಂದ. ಮಣಕಾಲು ತರಚೇತಿ, ಆರಾಮ ಅದಾನ.

ನಿನ್ನೆ ಮುಂಜಾನಿ ಯಮನೂರಮ್ಮನ್ನ ಬಸ್ಸಿಗೆ ಹತ್ತಿಸಿದ್ವಿ. ಗಾದಿಲಿಂಗ ಮುಂಬೈತನಕ ಕರಕೊಂಡು ಹೋಗ್ಯಾನ. ಚಟ್ನಿಪುಡಿ, ಗುರೆಳ್ಳು, ಖಡಕ್ ರೊಟ್ಟಿ ಕಟ್ಟೀನಿ. ಆ ಹಿರಾನೋಗೂ ಕೊಡ್ರಿ, ಸೋತ ಮನಷಾ, ಬಾಯಿ ಖಾರ ಆಗಲಿ. ಹ್ವಾದ ವರ್ಷ ಹೊಲದ ಕೌದಿನೂ ಒಳಗ ಐತಿ. ಭಾರ ಆಕ್ಕೈತಿ ಬ್ಯಾಡ್ರಿ ಅಂದ್ಲು. ನಿನ್ನ ಸೀರಿ ತಗದು ಹೊರಗಿಡು, ಕೌದಿ ಒಳಗಿಡು ಅಂದೆ.

ಈ ಕಾಗದ ಮುಟ್ಟೂದರಾಗ ಆಕಿ ನಿನ್ನ ಎದುರಿಗೆ ಇರತಾಳ. ಇನ್ನ ನೀವಿಬ್ಬರೂ ಕಾಗದದಾಗ ಮಾತಾಡೂದು ಸಾಕು. ಆಕಿ ಬಾಳ ಮಾತಾಡ್ತಾಳ, ಕೇಳು. ನೀ ಕಮ್ಮಿ ಮಾತಾಡ್ತಿ, ಅದನ್ನ ಬಿಡು.

ನೀ ಹೋದ ದಿನ ನಾ ಹೊಟ್ಟಿ ತುಂಬ ಅತ್ತಿದ್ದೆ. ಆವತ್ತು ನೀ ಎಲ್ಲಿಗೋ ಹೊಂಟಿದ್ದಿ, ಎಲ್ಲಿಗೆ ಅಂತ ನನಗ ತಿಳಿದಿದ್ದಿಲ್ಲ. ನಿನ್ನೆ ಆಕಿ ಹೋಗುವಾಗ ನಾ ಅಳಲಿಲ್ಲ. ಆಕಿ ಎಲ್ಲಿಗೆ ಹೊಂಟಾಳಂತ ನನಗ ಈಗೂ ಗೊತ್ತಿಲ್ಲ, ಆದ್ರ ಯಾರ ಕಡಿಗೆ ಹೊಂಟಾಳಂತ ಗೊತ್ತೈತಿ. ಅದಕ್ಕ ನಕ್ಕೋತ ಮನಿಗೆ ಬಂದೆ.

ನಿಮ್ಮವ್ವ,
ಮಾರೆವ್ವ

ಬರೆದವಳು ಫಾತಿಮಾಬೀ. ವಿರುಪಣ್ಣ, ಅವ್ವ ಅಳಲಿಲ್ಲ ಎಂದು ಬರೆಸಿದ್ದು ಸುಳ್ಳು. ಬಸ್ಸು ಕೆರೆಯ ಏರಿ ತಿರುಗಿದ ಮೇಲೆ ನನ್ನ ಭುಜ ಹಿಡಿದು ಅತ್ತಳು. ನಕ್ಕೋತ ಮನೆಗೆ ಬಂದದ್ದು ಮಾತ್ರ ಖರೆ.